‘ಲಿಂಟ್’ ಎಂಬ ಪರೀಕ್ಷಕದ ಉತ್ಪತ್ತಿ

ಪ್ರೋಗ್ರಾಮನ್ನು ನಡೆಯಿಸದೆ, ಬರೆದ ಸಾಲುಗಳನ್ನಷ್ಟೇ ಓದಿ ಅವುಗಳಲ್ಲಡಗಿದ ದೋಷಗಳನ್ನು ಎತ್ತಿ ತೋರಿಸತಕ್ಕ ಸಾಧನಗಳ ಚರಿತ್ರೆಯನ್ನು ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ನರ ‘ಲಿಂಟ್’ನಿಂದ ಆರಂಭಿಸುವುದು ವಾಡಿಕೆಯಾಗಿದ್ದರೂ, ಆದ್ಯತ್ವದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದಲ್ಲ. ಅದೇ ಸಂಸ್ಥೆಯ ಬಾರ್ಬರಾ ರೈಡರ್ ಅವರು ಫೋರ್ಟ್ರಾನ್ ಭಾಷೆಗಾಗಿ ರಚಿಸಿದ ಪಿಫೋರ್ಟ್ ಪರಿಶೀಲಕದ ವಿವರಣೆ 1974ರಲ್ಲಿಯೂ, ಕೊಲರಾಡೊ ವಿಶ್ವವಿದ್ಯಾನಿಲಯದ ಆಸ್ಟರ್‌ವೈಲ್ ಮತ್ತು ಫಾಸ್ಡಿಕ್ಕರ ‘ಡೇವ್’ನ ವಿವರಣೆ 1976ರಲ್ಲಿಯೂ ಪ್ರಕಟವಾಗಿದ್ದುವು. ದೋಷವನ್ನು ಹಿಡಿಯುವುದರಲ್ಲಿ ಅಲ್ಲ, ತಾನು ವೃಥಾ ಆಕ್ಷೇಪಿಸಿದೆಡೆಯಲ್ಲಿ ಸುಮ್ಮನಾಗುವ ವಿಧಾನವೊಂದನ್ನು ಒಪ್ಪಿಕೊಂಡುದರಲ್ಲಿಯೇ ಲಿಂಟಿನ ವೈಶಿಷ್ಟ್ಯವಿದೆಯೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ಪಿಡಿಪಿ-11 ಎಂಬ 16 ಬಿಟ್ಟಿನ ಯಂತ್ರದಲ್ಲಿ ಬೆಳೆದ ಯೂನಿಕ್ಸನ್ನು 32 ಬಿಟ್ಟಿನ ಇಂಟರ್‌ಡೇಟಾ 8/32ಕ್ಕೆ ಒಯ್ಯುವ ಪ್ರಯತ್ನ ನಡೆದಿದ್ದ ಕಾಲದಲ್ಲಿ ಲಿಂಟ್ ಹುಟ್ಟಿತು. ಆಗಿನ ಸಿ ಕಂಪೈಲರು ಒಂದೊಂದು ಫೈಲನ್ನೂ ಪ್ರತ್ಯೇಕವಾಗಿ ನೋಡುತ್ತಿದ್ದುದರಿಂದ, ಒಂದೆಡೆ ಮೂರು ಆರ್ಗ್ಯುಮೆಂಟುಗಳನ್ನು ಬೇಡುವ ಫಂಕ್ಷನ್ನನ್ನು ಇನ್ನೊಂದೆಡೆ ಎರಡರಿಂದಲೇ ಕರೆದರೂ ಅದು ಆಕ್ಷೇಪಿಸುತ್ತಿರಲಿಲ್ಲ. ಓದಿದ ಅಕ್ಷರವನ್ನು ಕ್ಯಾರ್ ಎಂಬ ಕಿರಿಯ ಟೈಪಿನ ಚರದಲ್ಲಿಟ್ಟು, ಅದು ಸೊನ್ನೆಗಿಂತ ಕಡಿಮೆಯೇ ಎಂದು ಕೇಳಿ ಫೈಲು ಮುಗಿದುದನ್ನು ತಿಳಿಯುವ ಬರವಣಿಗೆ ಪಿಡಿಪಿಯಲ್ಲಿ ನಡೆಯುತ್ತಿತ್ತು. ಕ್ಯಾರ್ ಸದಾ ಧನಾತ್ಮಕವಾಗಿರುವ ಯಂತ್ರದಲ್ಲಾದರೋ ಆ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಎಂದೆಂದಿಗೂ ಬಾರದು.

ಜಾನ್ಸನ್ನರು ತಮ್ಮದೇ ಪೋರ್ಟಬಲ್ ಸಿ ಕಂಪೈಲರಿನ ಪೂರ್ವಾರ್ಧವನ್ನು ಎತ್ತಿಕೊಂಡು, ಯಂತ್ರಸಂಕೇತವನ್ನು ಹುಟ್ಟಿಸುವ ಉತ್ತರಾರ್ಧವನ್ನು ಕೈಬಿಟ್ಟು, ಅದರ ಸ್ಥಾನದಲ್ಲಿ ಸಾಮಾನ್ಯ ಪಠ್ಯದ ಸಾಲುಗಳು ಹೊರಬರುವಂತೆ ಏರ್ಪಡಿಸಿದರು. ಹೊರಗಿನವರಿಗೂ ಕಾಣುವ ಹೆಸರು, ಅದರ ಟೈಪು, ಬಳಕೆಯ ಸಂದರ್ಭ, ಫೈಲು, ಸಾಲಿನ ಸಂಖ್ಯೆ, ಇವಿಷ್ಟೂ ಪ್ರತಿಯೊಂದು ಸಾಲಿನಲ್ಲಿರುತ್ತಿದ್ದುವು. ಈ ಸಾಲುಗಳನ್ನು ವಿಂಗಡಿಸಿದೊಡನೆ ಒಂದೇ ಹೆಸರಿಗೆ ಸಂಬಂಧಿಸಿದುದೆಲ್ಲವೂ ಒಂದೆಡೆ ಕೂಡುತ್ತಿತ್ತು. ಎರಡನೆಯ ಪ್ರೋಗ್ರಾಮು ಅವುಗಳನ್ನು ತಾಳೆ ನೋಡುತ್ತಿತ್ತು. ಇಂಥ ಸರಳೋಪಾಯದಿಂದ ಅನೇಕ ಫೈಲುಗಳ ವಿರೋಧಗಳು ಬಯಲಾಗುತ್ತಿದ್ದುವೆಂಬುದು ನಿಜಕ್ಕೂ ಮೆಚ್ಚತಕ್ಕ ವಿಷಯ.

ಆದರೆ ‘ಎಗ್ಸಿಟ್’ ಎಂಬ ಫಂಕ್ಷನ್ನು ಮರಳಿ ಬಾರದೆಂಬುದನ್ನು ಲಿಂಟ್ ಅರಿಯದು. ಆದುದರಿಂದ ಅದರ ಕೆಳಗೆ ‘ನಾಟ್‌ರೀಚ್ಡ್’ ಎಂಬ ಕಾಮೆಂಟನ್ನು ಬರೆದರೆ, ಹರಿವು ಅಲ್ಲಿಗೆ ತಲುಪದೆಂಬುದನ್ನು ಅದು ನಂಬುತ್ತಿತ್ತು. ಬೇಕೆಂದೇ ಬಳಸದೆ ಬಿಟ್ಟ ಆರ್ಗ್ಯುಮೆಂಟುಗಳಿಗೆ ‘ಆರ್ಗ್ಸ್‌ಯೂಸ್ಡ್’, ಸಂಖ್ಯೆ ನಿಯತವಲ್ಲದವುಗಳಿಗೆ ‘ವಾರ್‌ಆರ್ಗ್ಸ್’ ಇದ್ದುವು. ಲೈಬ್ರರಿಗಳ ಪರಿಚಯವನ್ನು ಮಾಡಿಕೊಡಲು, ‘ಲಿಂಟ್‌ಲೈಬ್ರರಿ’ ಎಂಬ ಕಾಮೆಂಟಿನಿಂದ ಮೊದಲಾಗುವ ಫೈಲಿನಲ್ಲಿ ಫಂಕ್ಷನ್ನುಗಳ ಹೆಸರಿಗಷ್ಟೇ ಒಡಲುಳ್ಳ ವ್ಯಾಖ್ಯೆಗಳನ್ನು ಬರೆದಿಟ್ಟರೆ ಸಾಕಾಗುತ್ತಿತ್ತು. ಕಂಪೈಲರಿಗೆ ಈ ಕಾಮೆಂಟುಗಳು ಕೇವಲ ಅಲಕ್ಷ್ಯ ವಸ್ತುಗಳಾದುದರಿಂದ ಭಾಷೆಯನ್ನು ತಿದ್ದಬೇಕಾಗಿರಲಿಲ್ಲ.

1979ರ ಏಳನೆಯ ಆವೃತ್ತಿಯ ಯೂನಿಕ್ಸಿನೊಡನೆ ಲಿಂಟ್ ಹೊರಗೆ ಪ್ರಸಾರವಾಯಿತು. 1989ರ ಆನ್ಸಿ ಮಾನಕವು ಫಂಕ್ಷನ್ ಪ್ರೋಟೋಟೈಪುಗಳನ್ನು ತಂದಮೇಲೆ ಆರ್ಗ್ಯುಮೆಂಟುಗಳ ಪರೀಕ್ಷೆ ಕಂಪೈಲರಿಗೇ ವಹಿಸಲ್ಪಟ್ಟಿತು. ಕಾಮೆಂಟಿನ ಪದ್ಧತಿಯಾದರೋ 2013ರಲ್ಲಿ ಜಾವಾಸ್ಕ್ರಿಪ್ಟಿಗಾಗಿ ಹುಟ್ಟಿದ ಇಎಸ್‌ಲಿಂಟಿನಲ್ಲಿಯೂ ಅನುವರ್ತಿಸಿದೆ.