ಗರ್ಭಿಣಿಯ ರಕ್ತದಲ್ಲಿ ಕೆಂಪುಕಣ ಪ್ರತಿಕಾಯಗಳು: ಸಾಂಗ್ಲಿ–ಮಿರಜ ಗಡಿಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಿಲಿಯಂ ಜೇಮ್ಸ್ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1894ರಲ್ಲಿ ಆರಂಭವಾದಂದಿನಿಂದ ಮಿರಜ ವೈದ್ಯಕೀಯ ಪಟ್ಟಣವೆಂದು ಹೆಸರಾಗಿದ್ದು, ಅಥಣಿ, ರಾಯಬಾಗ, ಚಿಕ್ಕೋಡಿಗಳಿಂದಲೂ ಸಾಂಗ್ಲಿ ಜಿಲ್ಲೆಯದೇ ಆದ ಜತ್ತದ ಕನ್ನಡ ಹಳ್ಳಿಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಗಂಡನ ಮನೆ ಒಂದು ರಾಜ್ಯದಲ್ಲಿ, ತವರು ಇನ್ನೊಂದರಲ್ಲಿ ಇರುವ ಈ ಸೀಮೆಯಲ್ಲಿ, ಬಾಣಂತನಕ್ಕೆ ತವರಿಗೆ ಹೋಗುವ ರೂಢಿಯಿಂದ ಒಂದೇ ಬಸಿರಿನ ತಪಾಸಣೆ ಎರಡು ಕಡೆ ಹಂಚಿಹೋಗುವುದುಂಟು. ಕೆಂಪುಕಣ ಪ್ರತಿಕಾಯಗಳ ವಿಷಯದಲ್ಲಿ ಈ ಹಂಚಿಕೆಗೆ ವಿಶೇಷ ಮಹತ್ವವಿದೆ.

ತನ್ನಲ್ಲಿಲ್ಲದ ಪ್ರತಿಜನಕವುಳ್ಳ, ಅಂದರೆ ಬೇರೆ ಗುರುತನ್ನು ಹೊತ್ತ, ರಕ್ತಕಣಗಳು ಹಿಂದಿನ ಹೆರಿಗೆ, ಗರ್ಭಪಾತ ಅಥವಾ ರಕ್ತಪೂರಣದ ಮೂಲಕ ತಾಯಿಯ ದೇಹವನ್ನು ಸೇರಿದಾಗ ಅವುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಇವುಗಳಲ್ಲಿ ಐಜಿಜಿ ವರ್ಗದವು ಮಾಸನ್ನು ದಾಟಿ ಭ್ರೂಣದ ಕೆಂಪುಕಣಗಳನ್ನು ನಾಶಪಡಿಸುವುದರಿಂದ ರಕ್ತಹೀನತೆ, ಮೈಬಾವು ಹಾಗೂ ಹುಟ್ಟಿದ ಮೇಲೆ ತೀವ್ರ ಕಾಮಾಲೆ ಉಂಟಾಗುತ್ತವೆ. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ಇಂಥ ಪ್ರಕರಣವೊಂದನ್ನು ವರದಿ ಮಾಡಿದರು. ಇಂಥ ಪ್ರತಿಕಾಯಗಳನ್ನು ಪತ್ತೆಹಚ್ಚಲು 1945ರಲ್ಲಿ ಕೂಂಬ್ಸ್, ಮೌರಾಂಟ್ ಮತ್ತು ರೇಸ್ ರೂಪಿಸಿದ ಪರೀಕ್ಷೆಯೇ ಇಂದು ಐಸಿಟಿ (ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್) ಎಂದು ಬಳಕೆಯಲ್ಲಿದೆ.

ಆರ್‌ಎಚ್ ನೆಗೆಟಿವ್, ಅಂದರೆ ಕೆಂಪುಕಣಗಳಲ್ಲಿ ಡಿ ಪ್ರತಿಜನಕವಿಲ್ಲದ, ಗರ್ಭಿಣಿಗೆ 28ನೇ ವಾರದಲ್ಲಿ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ, 300 ಮೈಕ್ರೋಗ್ರಾಂ ಆಂಟಿ-ಡಿ ಚುಚ್ಚುಮದ್ದು ಕೊಡುವುದು ವಾಡಿಕೆ. ಇದು ಪ್ರತಿಕಾಯ ಹುಟ್ಟದಂತೆ ತಡೆಯುತ್ತದೆಯೇ ಹೊರತು, ಹುಟ್ಟಿದ ಪ್ರತಿಕಾಯವನ್ನು ಅಳಿಸುವುದಿಲ್ಲ. ಚುಚ್ಚುಮದ್ದಿನ ಬಳಿಕ ಕೆಲವು ವಾರ ಐಸಿಟಿ ದುರ್ಬಲವಾಗಿ ಪಾಸಿಟಿವ್ ತೋರಬಹುದು. ಮದ್ದು ಕೊಟ್ಟ ದಾಖಲೆ ತವರಿನ ಆಸ್ಪತ್ರೆಗೆ ತಲುಪದಿದ್ದರೆ, ಗರ್ಭಿಣಿಯಲ್ಲಿ ಪ್ರತಿಕಾಯ ತಾನಾಗಿ ಹುಟ್ಟಿದೆಯೆಂದು ಭಾವಿಸಿ ಹೆರಿಗೆಯ ನಂತರದ ಡೋಸನ್ನೇ ಬಿಟ್ಟುಬಿಡುವ ಅಪಾಯವಿದೆ.

ಅಪಾಯ ನೆಗೆಟಿವ್ ಗುಂಪಿಗಷ್ಟೇ ಸೀಮಿತವಲ್ಲ. ರಕ್ತಪೂರಣದಲ್ಲಿ ಸಾಮಾನ್ಯವಾಗಿ ಎಬಿಒ ಮತ್ತು ಡಿ ಪ್ರತಿಜನಕಗಳನ್ನಷ್ಟೇ ಹೊಂದಿಸುವುದರಿಂದ, ಹಿಂದೆ ರಕ್ತ ಪಡೆದ ಪಾಸಿಟಿವ್ ಮಹಿಳೆಯಲ್ಲಿಯೂ ಸಣ್ಣ ಸಿ, ಇ ಅಥವಾ ಕೆಲ್ ಪ್ರತಿಜನಕದ ವಿರುದ್ಧ ಪ್ರತಿಕಾಯಗಳು ಕಾಣಿಸಿಕೊಳ್ಳಬಹುದು. ಪ್ರತಿಕಾಯದ ಬಲವನ್ನು ಸೂಚಿಸುವ ಟೈಟರ್ ಬಹುತೇಕ ಪ್ರಯೋಗಾಲಯಗಳ ಲೆಕ್ಕದಲ್ಲಿ 16 ಅಥವಾ 32ಕ್ಕೆ ಮುಟ್ಟಿದರೆ, ಡಾಪ್ಲರ್‌ನಿಂದ ಭ್ರೂಣದ ಮೆದುಳಿನ ರಕ್ತನಾಳದಲ್ಲಿ ಹರಿವಿನ ವೇಗವನ್ನು ಅಳೆಯಲಾಗುತ್ತದೆ. ಅದು ಆ ವಾರದ ಮಧ್ಯಾಂಕದ 1.5 ಪಟ್ಟು ಮೀರಿದರೆ ಗರ್ಭಸ್ಥ ಶಿಶುವಿಗೇ ರಕ್ತ ನೀಡುವ ಚಿಕಿತ್ಸೆಯನ್ನು ಪರಿಗಣಿಸಬೇಕಾಗುತ್ತದೆ. ಕೆಲ್ ಪ್ರತಿಕಾಯವು ಕಣಗಳ ಉತ್ಪತ್ತಿಯನ್ನೇ ಕುಗ್ಗಿಸುವುದರಿಂದ ಅಲ್ಲಿ ಕಡಿಮೆ ಟೈಟರನ್ನೂ ಲಘುವಾಗಿ ಕಾಣುವಂತಿಲ್ಲ.

1952ರಲ್ಲಿ ಭೇಂಡೆ ಮತ್ತು ಸಹೋದ್ಯೋಗಿಗಳು ಮುಂಬಯಿಯಲ್ಲಿ ಗುರುತಿಸಿದ ಬಾಂಬೆ ರಕ್ತಗುಂಪು ಇನ್ನೊಂದು ಸ್ಥಳೀಯ ಸವಾಲು. ಈ ಗುಂಪಿನವರಲ್ಲಿ ಎಚ್ ಪ್ರತಿಜನಕವಿಲ್ಲದ್ದರಿಂದ ಅವರಿಗೆ ಒ ಗುಂಪಿನ ರಕ್ತವೂ ಒಗ್ಗದು. ಗುಣವು ಅಪ್ರಬಲವಾಗಿ ಇಳಿದುಬರುವ ಕಾರಣ, ಸೋದರಮಾವ, ಸೋದರತ್ತೆಯರ ಮಕ್ಕಳೊಂದಿಗಿನ ಸಂಬಂಧಗಳು ಇರುವ ಮನೆತನಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಇಲ್ಲಿ ಭ್ರೂಣಕ್ಕಿಂತ ಹೆಚ್ಚಾಗಿ, ಹೆರಿಗೆಯ ರಕ್ತಸ್ರಾವದಲ್ಲಿ ತಾಯಿಯ ಜೀವಕ್ಕೇ ಅಪಾಯ. ಆದ್ದರಿಂದ ಒಡಹುಟ್ಟಿದವರ ಪರೀಕ್ಷೆ ಮತ್ತು ದಾನಿಯ ಹುಡುಕಾಟ ಮೊದಲೇ ನಡೆಯಬೇಕು.

ಹೆರಿಗೆ ಅಥವಾ ರಕ್ತಪೂರಣದಿಂದ ಹುಟ್ಟಿದ ಪ್ರತಿಕಾಯದ ಟೈಟರ್ ಕಾಲಕ್ರಮದಲ್ಲಿ ಇಳಿದು ಪರೀಕ್ಷೆಗೆ ಸಿಗದಂತಾದರೂ ದೇಹದ ನೆನಪು ಅಳಿಯುವುದಿಲ್ಲ. ಮುಂದಿನ ಬಸಿರಿನಲ್ಲಿ ಅಥವಾ ರಕ್ತಪೂರಣದಲ್ಲಿ ಅದು ಮತ್ತೆ ಜಾಗೃತವಾಗಬಲ್ಲದು. ಆದಕಾರಣ ಪ್ರತಿಕಾಯದ ಹೆಸರು, ಟೈಟರ್, ಪಡೆದ ರಕ್ತ ಹಾಗೂ ಆಂಟಿ-ಡಿ ಕೊಟ್ಟ ದಿನಾಂಕ ಇವಿಷ್ಟನ್ನು ಕರ್ನಾಟಕದ ತಾಯಿ ಕಾರ್ಡಿನಲ್ಲಿಯೂ ಮಹಾರಾಷ್ಟ್ರದ ತಾಯಿ-ಮಗುವಿನ ಕಾರ್ಡಿನಲ್ಲಿಯೂ ಎರಡೂ ಕಡೆಯ ವೈದ್ಯರಿಗೆ ಅರ್ಥವಾಗುವಂತೆ ಬರೆಯುವ ಕ್ರಮವನ್ನು ಗಡಿ ಜಿಲ್ಲೆಗಳ ಆರೋಗ್ಯ ಇಲಾಖೆಗಳು ಕಡ್ಡಾಯಗೊಳಿಸುವುದು ಅಗತ್ಯ.