ಕೊಳಚೆ ನೀರಿನಿಂದ ಕ್ರೀಮಿನ ಡಬ್ಬಿಗೆ

ಇಲ್ಲಿನ ಚಳಿ ನಮ್ಮವರ ಕೈಗೆ ಒಗ್ಗುವುದಿಲ್ಲ. ಆಸ್ಪತ್ರೆ, ಕೇರ್ ಹೋಮ್, ಹೋಟೆಲ್ ಅಡುಗೆಮನೆಗಳಲ್ಲಿ ದಿನಕ್ಕೆ ಹತ್ತಾರು ಸಲ ಕೈ ತೊಳೆಯುವ ನಮಗೆ ಕ್ರೀಮು ಶೋಕಿಯಲ್ಲ, ಅಗತ್ಯ. ಡಬ್ಬಿ ಹಿಂದಿನ ಸಣ್ಣಕ್ಷರ ಓದುತ್ತಾ ಹೋದರೆ ನನಗೆ ಸಿಕ್ಕಿದ್ದು ನಾವು ದುಡಿಯುತ್ತಿರುವ ಯಾರ್ಕ್‌ಷೈರಿನದೇ ಚರಿತ್ರೆ.

ಲ್ಯಾನೋಲಿನ್ ಅಂದರೆ ಉಣ್ಣೆಯ ಜಿಡ್ಡು. ನಮ್ಮ ಕಂಬಳಿಯ ಒರಟು ಉಣ್ಣೆಯಲ್ಲಿ ಇದು ಕಡಿಮೆ, ಮೆರಿನೋ ಉಣ್ಣೆಯಲ್ಲಿ ಬಹಳ. 19ನೇ ಶತಮಾನದಲ್ಲಿ ಬ್ರಾಡ್‌ಫರ್ಡ್ ಉಣ್ಣೆಯ ರಾಜಧಾನಿ. ಉಣ್ಣೆ ತೊಳೆದ ಸೋಪಿನ ನೀರೆಲ್ಲ ಚರಂಡಿಗೆ, ಚರಂಡಿ ಹೊಳೆಗೆ. ಕೊನೆಗೆ ನಗರಾಡಳಿತ 1906ರಲ್ಲಿ ಎಶೋಲ್ಟ್ ಎಸ್ಟೇಟನ್ನೇ ಕೊಂಡು ಅಲ್ಲಿ ಕೊಳಚೆ ಶುದ್ಧೀಕರಣ ಘಟಕ ಕಟ್ಟಿತು. ಗಂಧಕಾಮ್ಲ ಹಾಕಿ ಜಿಡ್ಡು ಬೇರ್ಪಡಿಸಿ ಮಾರಿತು. ಕಸವೇ ಕಾಸಾಯಿತು.

ಇದೇ ಜಿಡ್ಡನ್ನು ಶುದ್ಧ ಮಾಡಿ ಲೇಪನವಾಗಿಸುವ ವಿಧಾನಕ್ಕೆ ಜರ್ಮನಿಯಲ್ಲಿ 1882ರಲ್ಲೇ ಪೇಟೆಂಟ್ ಆಗಿತ್ತು. 1925ರಲ್ಲಿ ಗೂಲ್ ಪಟ್ಟಣದ ಹತ್ತಿರ, ರಾಕ್ಲಿಫ್ ಬ್ರಿಜ್‌ನಲ್ಲಿ ಕ್ರೋ ಮತ್ತು ಡಾ ಎಂಬಿಬ್ಬರು ಲ್ಯಾನೋಲಿನ್ ತಯಾರಿಕೆ ಶುರು ಮಾಡಿದರು. ಇಬ್ಬರ ಹೆಸರು ಕೂಡಿ ‘ಕ್ರೋಡಾ’ ಆಯಿತು. ಇವತ್ತು ಅದು ಜಗತ್ತಿನ ಕ್ರೀಮು ಕಂಪನಿಗಳಿಗೆ ಕಚ್ಚಾವಸ್ತು ಒದಗಿಸುವ ದೊಡ್ಡ ಸಂಸ್ಥೆ.

ಆದರೆ ಲ್ಯಾನೋಲಿನ್ ಅಂಟಂಟು. ಕೆಲವರಿಗೆ ಅಲರ್ಜಿ ಬೇರೆ. ಜನ ಹಗುರವಾದದ್ದನ್ನು ಬಯಸಿದರು. ಅಂಥದ್ದೊಂದು ಸ್ಕ್ವಾಲೇನ್. ನಮ್ಮ ಚರ್ಮದ ಎಣ್ಣೆಯಲ್ಲೇ ಇರುವ ಸ್ಕ್ವಾಲೀನ್‌ಗೆ ಹೈಡ್ರೋಜನ್ ಸೇರಿಸಿ, ಕಮಟು ಹಿಡಿಯದಂತೆ ಮಾಡಿದ ರೂಪ ಅದು. ಹಚ್ಚಿದರೆ ಜಿಡ್ಡೆನಿಸದು. ತೊಡಕು ಏನೆಂದರೆ, ಬಹುಕಾಲ ಅದು ಬಂದದ್ದು ಆಳಸಮುದ್ರದ ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ. ಈ ಶಾರ್ಕ್‌ಗಳು ನಿಧಾನವಾಗಿ ಬೆಳೆದು, ಕಡಿಮೆ ಮರಿ ಹಾಕುತ್ತವೆ. ಹಿಡಿದಷ್ಟು ಬೇಗ ಸಂತತಿ ತುಂಬಿಕೊಳ್ಳುವುದಿಲ್ಲ. 2008ರ ಹೊತ್ತಿಗೆ ಯೂನಿಲಿವರ್, ಲೋರಿಯಲ್‌ನಂಥ ಕಂಪನಿಗಳು ಶಾರ್ಕ್ ಬಿಟ್ಟು ಗಿಡಮೂಲದ ಕಡೆ ಹೊರಳಿದವು. ಈಗ ಆಲಿವ್ ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಶೇಷದಿಂದಲೂ, ಕಬ್ಬಿನ ಸಕ್ಕರೆಯನ್ನು ಯೀಸ್ಟಿನಿಂದ ಹುದುಗಿಸಿಯೂ ಸ್ಕ್ವಾಲೇನ್ ಮಾಡುತ್ತಾರೆ.

ಹಾಗಂತ ಕಬ್ಬು ಪುಕ್ಕಟೆಯಲ್ಲ. ಅದಕ್ಕೆಷ್ಟು ನೀರು, ನೆಲ ಬೇಕೆಂದು ಮಂಡ್ಯದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ನನಗನಿಸುವುದಿಷ್ಟು: ಹೊಸ ಬೆಳೆಗಿಂತ ಮೊದಲೇ ಇರುವ ಶೇಷ ಬಳಸುವುದು ಮೇಲು. ಆ ಪಾಠವನ್ನು ಬ್ರಾಡ್‌ಫರ್ಡಿನ ಚರಂಡಿ ನೂರು ವರ್ಷದ ಹಿಂದೆಯೇ ಕಲಿಸಿತ್ತು. ಡಬ್ಬಿಯ ಮೇಲೆ ಬರೀ ‘ಸ್ಕ್ವಾಲೇನ್’ ಎಂದಿದ್ದರೆ ಮೂಲ ಯಾವುದೆಂದು ತಿಳಿಯದು. ಮುಂದಿನ ಸಲ ಕೊಳ್ಳುವಾಗ ವಿಚಾರಿಸಿ ನೋಡಿ.