ರಿಯಾಕ್ಟರ್ ಕಂಟೈನ್‌ಮೆಂಟಿನೊಳಗಿನ ವಿಕಿರಣ ಮತ್ತು ಅನಿಲ ಮಾಪನ: ಇತಿಹಾಸ

ಪರಮಾಣು ರಿಯಾಕ್ಟರನ್ನು ಸುತ್ತುವರಿದ, ಗಾಳಿ ಸೋರದಂತೆ ಕಟ್ಟಿದ ದಪ್ಪ ಗೋಡೆಯ ಕಟ್ಟಡಕ್ಕೆ ಕಂಟೈನ್‌ಮೆಂಟ್ ಎನ್ನುತ್ತಾರೆ. ಅಪಘಾತವಾದರೆ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಲು ಮಾಪಕಗಳೇ ಗತಿ. ಆರಂಭದಲ್ಲಿ ಇವುಗಳ ಕೆಲಸ ಸಣ್ಣದಿತ್ತು: ಒಳಗಿನ ಗಾಳಿಯನ್ನು ಎಳೆದು, ಅದರಲ್ಲಿನ ಧೂಳು ಮತ್ತು ಅನಿಲದ ವಿಕಿರಣ ಅಳೆದು, ಕೊಳವೆಗಳ ಸೋರಿಕೆಯನ್ನು ಪತ್ತೆಹಚ್ಚುವುದು.

ಈ ಇತಿಹಾಸದ ತಿರುವು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿದೆ. 1979ರ ಮಾರ್ಚ್ 28ರ ನಸುಕಿನಲ್ಲಿ ತೆರೆದುಕೊಂಡ ಕವಾಟವೊಂದು ಮುಚ್ಚಿಕೊಳ್ಳಲಿಲ್ಲ. ನೀರು ಸೋರಿ ಇಂಧನದ ಸರಳುಗಳು ನೀರಿನಿಂದ ಹೊರಗೆ ತೆರೆದುಕೊಂಡವು. ಅವುಗಳ ಕವಚದ ಜಿರ್ಕೋನಿಯಂ ಲೋಹ ಕಾದು ಹಬೆಯೊಡನೆ ವರ್ತಿಸಿ ಜಲಜನಕ ಹುಟ್ಟಿತು. ಕಂಟೈನ್‌ಮೆಂಟ್ ಗುಮ್ಮಟದ ವಿಕಿರಣ ಮಾಪಕ ಸೀಸದ ಕವಚದೊಳಗಿತ್ತು; ಅದರ ಅಂಕಿಯನ್ನು ಅಂದಾಜಿನ ಗುಣಕದಿಂದ ಹೆಚ್ಚಿಸಿ ಓದಬೇಕಿತ್ತು. ಮಧ್ಯಾಹ್ನ 1.50ರ ಸುಮಾರಿಗೆ ಒಳಗಿನ ಒತ್ತಡ ಒಮ್ಮೆಲೇ 28 ಪಿಎಸ್‌ಐಗೆ (ಚದರ ಅಂಗುಲಕ್ಕೆ ಪೌಂಡ್) ಜಿಗಿದು ಕೆಳಗಿಳಿಯಿತು. ದಾಖಲೆ ಕಾಗದದ ಮೇಲೆ ಲೇಖನಿ ಚೂಪಾದ ಗೆರೆ ಎಳೆದಿತ್ತು, ನೀರಿನ ಸಿಂಪಡಿಕೆ ತಾನಾಗಿಯೇ ಶುರುವಾಗಿತ್ತು. ಸಿಬ್ಬಂದಿ ಕೆಲವೇ ನಿಮಿಷಗಳಲ್ಲಿ ಅದನ್ನು ನಿಲ್ಲಿಸಿದರು. ಜಲಜನಕ ಹೊತ್ತಿ ಉರಿದಿತ್ತೆಂಬುದು ವ್ಯಾಪಕವಾಗಿ ಮನವರಿಕೆಯಾದದ್ದು ತಡವಾಗಿ. ಯಂತ್ರ ನಿಜವನ್ನೇ ಹೇಳಿತ್ತು. ಆ ನಿಜವನ್ನು ನಂಬಲು ಬೇಕಾದ ಸಿದ್ಧತೆಯೇ ನಿಯಂತ್ರಣ ಕೋಣೆಯಲ್ಲಿರಲಿಲ್ಲ.

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1980ರಲ್ಲಿ ನಿಯಮಗಳನ್ನು ಬಿಗಿಗೊಳಿಸಿತು. ಗಂಟೆಗೆ 1 ಕೋಟಿ ರಾಂಟ್ಜನ್‌ವರೆಗೆ ಗಾಮಾ ವಿಕಿರಣ ಅಳೆಯಬಲ್ಲ, ಪರಸ್ಪರ ದೂರವಿಟ್ಟ ಎರಡು ಮಾಪಕಗಳು ಕಡ್ಡಾಯವಾದವು. ಜಲಜನಕದ ಪ್ರಮಾಣವನ್ನು ಶೇ. 0–10ರ ವ್ಯಾಪ್ತಿಯಲ್ಲಿ ನಿಯಂತ್ರಣ ಕೋಣೆಯಲ್ಲೇ ನಿರಂತರವಾಗಿ ತೋರಿಸಬೇಕಾಯಿತು; ಏಕೆಂದರೆ ಗಾಳಿಯಲ್ಲಿ ಶೇ. 4ರಷ್ಟಾದರೆ ಅದು ಹೊತ್ತಿಕೊಳ್ಳಬಲ್ಲದು. ಅಳತೆ ಅಷ್ಟು ಸುಲಭವಲ್ಲ. ಹಬೆ ತುಂಬಿದ ಗಾಳಿಯನ್ನು ಹೊರಗೆಳೆದು ತಂಪಾಗಿಸಿದರೆ ಹಬೆ ನೀರಾಗಿ, ಉಳಿದ ಅನಿಲದಲ್ಲಿ ಜಲಜನಕದ ಪಾಲು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ವಿಕಿರಣ ಮಾಪಕದ ಅಯಾನ್ ಕೋಶದಲ್ಲಿ ಹರಿಯುವ ವಿದ್ಯುತ್ ಅತ್ಯಲ್ಪ. ಕೇಬಲ್ ಬಿಸಿಯಾದಾಗ ಹುಟ್ಟುವ ಪ್ರವಾಹವೂ ವಿಕಿರಣದಂತೆಯೇ ಕಾಣಬಹುದು.

2003ರಲ್ಲಿ ಅಮೆರಿಕ ಜಲಜನಕ ಮಾಪಕಗಳ ಸುರಕ್ಷತಾ ದರ್ಜೆಯನ್ನು ಸಡಿಲಿಸಿತು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ ಸುನಾಮಿ ವಿದ್ಯುತ್ತನ್ನು ಕಸಿದಾಗ ಮಾಪಕಗಳೇ ಕುರುಡಾದವು. ಅಲ್ಲಿನ ಕಂಟೈನ್‌ಮೆಂಟ್‌ಗಳಲ್ಲಿ ನೈಟ್ರೋಜನ್ ತುಂಬಿದ್ದರಿಂದ ಒಳಗೆ ಬೆಂಕಿ ಏಳಲಿಲ್ಲ. ಆದರೆ ಜಲಜನಕ ಸೋರಿ ಹೊರ ಕಟ್ಟಡದ ಮೇಲ್ಭಾಗ ಸೇರಿ, 12ರಂದು 1ನೇ ಘಟಕದಲ್ಲೂ 14ರಂದು 3ನೇ ಘಟಕದಲ್ಲೂ ಸ್ಫೋಟಿಸಿತು. ಜಲಜನಕ ಕೂಡುತ್ತಿದ್ದ ಜಾಗದಲ್ಲಿ ಅದನ್ನು ತೋರಿಸುವ ಮಾಪಕವಿರಲಿಲ್ಲ. 2012ರ ಮಾರ್ಚ್‌ನಲ್ಲಿ 2ನೇ ಘಟಕದ ಕಂಟೈನ್‌ಮೆಂಟ್‌ಗೆ ಇಳಿಬಿಟ್ಟ ಮಾಪಕ ಗಂಟೆಗೆ 72.9 ಸೀವರ್ಟ್ ತೋರಿಸಿತು. ಕೆಲವೇ ನಿಮಿಷಗಳಲ್ಲಿ ಮಾರಕವಾಗುವ ಪ್ರಮಾಣವದು. ನಂತರ ವಿದ್ಯುತ್ತಿಲ್ಲದೆಯೇ ಜಲಜನಕವನ್ನು ನೀರಾಗಿಸುವ ವೇಗವರ್ಧಕ ಫಲಕಗಳಿಗೆ ಹಲವು ದೇಶಗಳು ಒತ್ತು ಕೊಟ್ಟವು. ಭಾರತದ ಭಾರಜಲ ರಿಯಾಕ್ಟರ್‌ಗಳಿಗೂ ಇಂಥವನ್ನು ರೂಪಿಸಲಾಯಿತು.